ಓಟ ಬಿಡುವ ಮುನ್ನ ಒಂದು ಮಾತು

ಮಗಳೇ, ಓಟ ಬಿಟ್ಟು ರೋಯಿಂಗ್‌ಗೆ ಹೋಗುತ್ತೇನೆ ಎಂದೆಯಲ್ಲ, ಬೇಡ ಅನ್ನುವವನು ನಾನಲ್ಲ. ಯಾಕೆ ಹೋಗುತ್ತೀ ಎಂದು ಮಾತ್ರ ಮೊದಲು ನಿನ್ನನ್ನೇ ಕೇಳಿಕೋ. ಪದಕ ತಪ್ಪಿದ ಸಿಟ್ಟಿಗೆ ಆಟ ಬದಲಿಸಿದರೆ ಆ ಸಿಟ್ಟು ದೋಣಿಯನ್ನೂ ಹತ್ತುತ್ತದೆ. ಮೈಗೆ ಒಗ್ಗುತ್ತದೆ ಎಂದು ಬದಲಿಸಿದರೆ ಅದು ಬೇರೆ ಮಾತು.

ಇಂಗ್ಲೆಂಡಿನ ಹೆಲೆನ್ ಗ್ಲೋವರ್ ಹುಡುಗಿಯಾಗಿದ್ದಾಗ ಕ್ರಾಸ್ ಕಂಟ್ರಿ ಓಟಗಾರ್ತಿ. ಎತ್ತರದ ಆಟಗಾರರನ್ನು ಹುಡುಕುವ ಯೋಜನೆಯೊಂದರಿಂದಾಗಿ ಅವಳು ರೋಯಿಂಗ್ ಶುರುಮಾಡಿದ್ದು 2008ರಲ್ಲಿ, ಇಪ್ಪತ್ತು ದಾಟಿದ ಮೇಲೆ. ಎತ್ತರ ಅಳೆಯುವಾಗ ತುದಿಗಾಲಲ್ಲಿ ನಿಂತಿದ್ದೆ ಎಂದು ಅವಳೇ ಹೇಳಿಕೊಂಡಿದ್ದಾಳೆ! 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹೆದರ್ ಸ್ಟಾನಿಂಗ್ ಜೊತೆ ಚಿನ್ನ ಗೆದ್ದಳು, 2016ರಲ್ಲಿ ರಿಯೋದಲ್ಲಿ ಮತ್ತೆ ಗೆದ್ದಳು.

ನೀನು ಓಡಿ ಗಳಿಸಿದ ದಮ್ಮು ಅಲ್ಲೂ ನಿನ್ನದೇ. ರೋಯಿಂಗ್ ಬರೀ ತೋಳಿನ ಆಟವಲ್ಲ. ಜಾರುವ ಸೀಟಿನಲ್ಲಿ ಕೂತು ಕಾಲಿನಿಂದ ಒದ್ದಾಗಲೇ ದೋಣಿ ಮುಂದೆ ಹೋಗುವುದು. 2000 ಮೀಟರ್, ಏಳೆಂಟು ನಿಮಿಷ. 1500, 3000 ಓಡುವವರ ಶ್ವಾಸಕೋಶಕ್ಕೆ ಹೇಳಿ ಮಾಡಿಸಿದ ಕೆಲಸ. ಆದರೆ ಉದ್ದ ಕೈಕಾಲಿನವರಿಗೆ ಅಲ್ಲಿ ಲಾಭ ಜಾಸ್ತಿ. ಒಲಿಂಪಿಕ್ಸ್‌ನಲ್ಲಿ ಹಗುರ ತೂಕದವರ ವಿಭಾಗ 2024ರ ಪ್ಯಾರಿಸ್‌ಗೇ ಮುಗಿಯಿತು. ಬದಲಿಗೆ 2028ರ ಲಾಸ್ ಏಂಜಲೀಸ್‌ನಲ್ಲಿ ಬೀಚ್ ಸ್ಪ್ರಿಂಟ್ ಬರುತ್ತಿದೆ. ಮರಳಲ್ಲಿ ಓಡಿ ದೋಣಿಗೆ ಹಾರಬೇಕು, ಅಲೆಯಲ್ಲಿ ಹುಟ್ಟು ಹಾಕಿ ಹೋಗಿ ಬರಬೇಕು, ಇಳಿದು ಮತ್ತೆ ಓಡಬೇಕು. ಮಲ್ಪೆ, ಕಾಪುವಿನ ಮರಳಲ್ಲಿ ಓಡುವ ನೀನು ಇದನ್ನೊಮ್ಮೆ ಗಮನಿಸು.

ಬದಲಾಗದೆ ಇರುವುದೂ ಸೋಲಲ್ಲ ಮಗಳೇ. ನಮ್ಮ ಪಕ್ಕದ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡ 2020ರಲ್ಲಿ ಐಕಳ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಟ್ರ್ಯಾಕಿಗೆ ಬಾ ಎಂದು ಕರೆಯಿತು. ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಕಾಲ್ಬೆರಳಿನದು ಎಂದು ಆತ ಗದ್ದೆಯಲ್ಲೇ ಉಳಿದ. ತನ್ನ ಕಾಲನ್ನು ತಾನು ಬಲ್ಲವನ ಮಾತು ಅದು.

ಹೋಗುವುದೇ ಆದರೆ ಮೂರು ವಿಷಯ ನೆನಪಿಡು. ಜಿಮ್ಮಿನ ರೋಯಿಂಗ್ ಯಂತ್ರದಲ್ಲಿ 2000 ಮೀಟರ್ ಎಳೆದು ನೋಡು, ಅದು ಮುಲಾಜಿಲ್ಲದೆ ಸತ್ಯ ಹೇಳುತ್ತದೆ. ಊರು ಬಿಡಬೇಕಾದೀತು: ಕೇರಳದ ಆಲಪ್ಪುಳದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ರೋಯಿಂಗ್ ಕೇಂದ್ರವಿದೆ, ಮನೆಯವರ ಜೊತೆ ಈಗಲೇ ಮಾತಾಡು. ಅಲ್ಲಿ ನಿನಗಿಂತ ಚಿಕ್ಕವರು ನಿನ್ನನ್ನು ಹಿಂದೆ ಹಾಕುತ್ತಾರೆ. ಕಾಲೇಜಿನ ಚಾಂಪಿಯನ್ ನಾನು ಎಂಬುದನ್ನು ಇಲ್ಲೇ ಬಿಟ್ಟು ಹೋಗು.

ಈಜು ಬರುವುದಿಲ್ಲ, ಹೆದರಿಕೆ ಅಂದೆ. ನಾಸಿಕ್ ಕಡೆಯ ದತ್ತು ಭೋಕನಳ್ ಬಾವಿ ತೋಡುತ್ತಿದ್ದವನು. ಸೈನ್ಯ ಸೇರಿದ ಮೇಲೆ ನೀರಿನ ಹೆದರಿಕೆ ಬಿಟ್ಟು ರೋಯಿಂಗ್ ಕಲಿತ, ರಿಯೋ ಒಲಿಂಪಿಕ್ಸ್‌ನಲ್ಲಿ 13ನೆಯವನಾದ, 2018ರ ಏಷ್ಯನ್ ಗೇಮ್ಸ್‌ನಲ್ಲಿ ನಾಲ್ವರ ತಂಡದಲ್ಲಿ ಚಿನ್ನ ಗೆದ್ದ. ಹಾಗಾಗಿ ಓಟ ಈಗಲೇ ಬಿಡಬೇಡ, ಈಜು ಈಗಲೇ ಕಲಿ. ಉಳಿದದ್ದು ಆಮೇಲೆ ಮಾತಾಡುವ.