ಚೀನೀ, ಜರ್ಮನ್ ಕಲಿಕೆ: ಉಚಿತವಾಗಿ ಎಲ್ಲಿಯವರೆಗೆ?

ವೈದ್ಯಕೀಯ ಓದಿಗೆ ಚೀನಾಕ್ಕೆ ಹೋಗುವ ವಿದ್ಯಾರ್ಥಿಗೆ ತರಗತಿಯ ಪಾಠ ಇಂಗ್ಲಿಷಿನಲ್ಲಿ ಸಿಗಬಹುದು. ವಾರ್ಡಿನ ರೋಗಿ ನೋವು ಹೇಳಿಕೊಳ್ಳುವುದು ಚೀನೀ ಭಾಷೆಯಲ್ಲೇ. ಹೊರಡುವ ಮೊದಲೇ ಮನೆಯಲ್ಲಿ ಕಲಿಕೆ ಶುರುವಾಗಲಿ. ಅದಕ್ಕೆ ಪೋಷಕರು ಸಾಲ ಮಾಡಬೇಕಿಲ್ಲ.

ಮೊದಲು ಪಿನ್‌ಯಿನ್ ಕಲಿಯಬೇಕು. ಚೀನೀ ಉಚ್ಚಾರಣೆಯನ್ನು ರೋಮನ್ ಅಕ್ಷರದಲ್ಲಿ ಬರೆಯುವ ಈ ಕ್ರಮ 1958ರಲ್ಲಿ ಜಾರಿಗೆ ಬಂತು. ಇದರಲ್ಲಿ ‘ಬಿ’ ಅಕ್ಷರದ ಉಚ್ಚಾರ ನಮ್ಮ ‘ಪ’ಕ್ಕೆ ಹತ್ತಿರ, ‘ಪಿ’ ಎಂದರೆ ಉಸಿರು ಹೊಮ್ಮುವ ಮಹಾಪ್ರಾಣ ‘ಫ’. ಕನ್ನಡ, ಉರ್ದು ಬಲ್ಲ ಮಕ್ಕಳಿಗೆ ಇದು ಬೇಗ ಹಿಡಿಯುತ್ತದೆ. ಕಷ್ಟವಿರುವುದು ದನಿಯ ನಾಲ್ಕು ಏರಿಳಿತಗಳಲ್ಲಿ. ‘ಮಾ’ ಎಂದು ಎತ್ತರದ ದನಿಯಲ್ಲಿ ಸಮವಾಗಿ ಎಳೆದರೆ ತಾಯಿ, ತಗ್ಗಿಸಿ ಏರಿಸಿದರೆ ಕುದುರೆ, ಥಟ್ಟನೆ ಇಳಿಸಿದರೆ ಬೈಯುವುದು! ಉಸ್ತಾದರ ಮುಂದೆ ತಜ್ವೀದ್ ಕಲಿತಂತೆ ಕೇಳಿ, ಹೇಳಿ, ತಿದ್ದಿಕೊಳ್ಳಬೇಕು. ಹೆಲೊಚೈನೀಸ್ ಆ್ಯಪ್‌ನ ಆರಂಭದ ಪಾಠಗಳೂ ಪ್ಲೆಕೊ ನಿಘಂಟಿನ ಮೂಲ ಆವೃತ್ತಿಯೂ ಉಚಿತ.

ಜಪಾನಿ ಭಾಷೆಗೆ ಎನ್‌ಎಚ್‌ಕೆ ವರ್ಲ್ಡ್ ಪಾಠಗಳಿವೆ. ಜರ್ಮನ್‌ಗೆ ಡಾಯ್ಚೆ ವೆಲ್ಲೆಯ ‘ನಿಕೋಸ್ ವೇಗ್’ ಎ1ರಿಂದ ಬಿ1ರವರೆಗೆ ಪೂರ್ತಿ ಉಚಿತ. ಆದರೆ ಅಲ್ಲಿ ನರ್ಸ್ ಮಾನ್ಯತೆಗೆ ಸಾಮಾನ್ಯವಾಗಿ ಬಿ2 ಕೇಳುತ್ತಾರೆ. ಆ ಹಂತಕ್ಕೆ ಶಿಕ್ಷಕರೂ ಪರೀಕ್ಷಾ ಶುಲ್ಕವೂ ಬೇಕು. ಅಲ್ಲಿಯವರೆಗೆ ಮನೆಯಲ್ಲೇ ಕಲಿತವರು ಅದನ್ನು ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಬರೆಯಲಿ. ದಾನಿಗಳ ಹಣ ಮುಂದಿನ ಹಂತಕ್ಕೆ ಸಲ್ಲಲಿ.