ಹಳೆಯ ಗಣಕಯಂತ್ರದೊಳಗಿನ ನಕಲಿ ತಂತ್ರಾಂಶ: ವರ್ತಕರು ಅರಿತಿರಬೇಕಾದ ವಿಚಾರಗಳು

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಬಳಿಕ ಸಣ್ಣ ವರ್ತಕನಿಗೂ ಗಣಕಯಂತ್ರ ಅನಿವಾರ್ಯವಾಯಿತು. ತೆಕ್ಕಟ್ಟೆಯಂತಹ ಹೆದ್ದಾರಿ ಬದಿಯ ಪೇಟೆಯಲ್ಲಿ ದಿನಸಿ ಅಂಗಡಿ, ಅಕ್ಕಿ ಗಿರಣಿ, ಗೇರುಬೀಜ ಕಾರ್ಖಾನೆ, ಫೋಟೋ ಸ್ಟುಡಿಯೋ, ಯಾವುದೇ ಇರಲಿ, ಬಿಲ್ಲಿಗೂ ಲೆಕ್ಕಪತ್ರಕ್ಕೂ ಒಂದು ಯಂತ್ರ ಬೇಕೇ ಬೇಕು. ಹೊಸದಕ್ಕೆ ಹಣ ಹೂಡುವ ಬದಲು ಹಳೆಯದನ್ನು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಬೆಂಗಳೂರಿನ ದೊಡ್ಡ ಕಂಪೆನಿಗಳು ಕೆಲವು ವರ್ಷ ಬಳಸಿ ವಿಲೇವಾರಿ ಮಾಡುವ ಯಂತ್ರಗಳು ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗೆ ಬರುತ್ತವೆ. ಅಲ್ಲಿ ಹೋಟೆಲು, ಬೇಕರಿ ನಡೆಸುವ ಊರಿನವರ ಮೂಲಕ ರಾತ್ರಿ ಬಸ್ಸೇರಿ ಕುಂದಾಪುರದ ಕಡೆಗೂ ತಲುಪುತ್ತವೆ. ಇಂತಹ ಯಂತ್ರಗಳು ಸಾಮಾನ್ಯವಾಗಿ ಗಟ್ಟಿಮುಟ್ಟಾಗಿಯೇ ಇರುತ್ತವೆ. ತೊಡಕಿರುವುದು ಒಳಗಿನ ತಂತ್ರಾಂಶದಲ್ಲಿ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ವರ್ತಕರೊಬ್ಬರು ಹನ್ನೆರಡು ಸಾವಿರ ರೂಪಾಯಿಗೆ ಒಂದು ಹಳೆಯ ಲ್ಯಾಪ್‌ಟಾಪ್ ಕೊಳ್ಳುತ್ತಾರೆ. ಅದರಲ್ಲಿ ವಿಂಡೋಸ್, ಆಫೀಸ್, ಟ್ಯಾಲಿ, ಫೋಟೋಶಾಪ್ ಎಲ್ಲವೂ ‘ಸೇರಿಯೇ’ ಬಂದಿವೆ. ಕೆಲವು ತಿಂಗಳ ಬಳಿಕ ಪರದೆಯ ಮೂಲೆಯಲ್ಲಿ ವಿಂಡೋಸನ್ನು ಸಕ್ರಿಯಗೊಳಿಸಿ ಎಂಬ ಬರಹ ಮೂಡುತ್ತದೆ. ಮಾರಿದವನಿಗೆ ದೂರವಾಣಿ ಮಾಡಿದರೆ, ‘ಅದೇನೂ ದೊಡ್ಡ ಸಂಗತಿಯಲ್ಲ, ಒಂದು ಕ್ರ್ಯಾಕ್ ಹಾಕಿದರೆ ಹೋಗುತ್ತದೆ’ ಎಂಬ ಉತ್ತರ ಬರುತ್ತದೆ. ಬರಹ ಹೋಗುವುದೂ ನಿಜವೇ. ಆದರೆ ಆ ವರ್ತಕರ ಬಳಿ ಅಸಲಿ ವಿಂಡೋಸಿನ ಹಕ್ಕು ಮೊದಲಿನಿಂದಲೂ ಇದ್ದಿರಬಹುದು, ಅದರ ಮೇಲೆ ನಕಲಿಯನ್ನು ಹೇರಿರಬಹುದು ಎಂಬ ಸಂಗತಿಯನ್ನು ಅವರಿಗೆ ಯಾರೂ ತಿಳಿಸಿರುವುದಿಲ್ಲ.

ಯಂತ್ರ ಬೇರೆ, ಪರವಾನಗಿ ಬೇರೆ

ತಂತ್ರಾಂಶವನ್ನು ಹಣ ಕೊಟ್ಟು ಕೊಂಡವನು ಅದರ ಒಡೆಯನಾಗುವುದಿಲ್ಲ. ಅದನ್ನು ಷರತ್ತಿಗೊಳಪಟ್ಟು ಬಳಸುವ ಪರವಾನಗಿಯನ್ನಷ್ಟೇ ಪಡೆಯುತ್ತಾನೆ. ಕರ್ನಾಟಕ ಉಚ್ಚ ನ್ಯಾಯಾಲಯದಿಂದ ಹೋದ ಮೇಲ್ಮನವಿಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಮಾರ್ಚ್ 2ರಂದು ನೀಡಿದ ತೀರ್ಪು ಆದಾಯ ತೆರಿಗೆಗೆ ಸಂಬಂಧಿಸಿದ್ದಾದರೂ, ಕೊನೆಯ ಬಳಕೆದಾರನಿಗೆ ಕೃತಿಸ್ವಾಮ್ಯ ವರ್ಗಾವಣೆಯಾಗುವುದಿಲ್ಲ ಎಂಬ ಈ ಭೇದವನ್ನೇ ಆಧರಿಸಿದೆ.

ವಿಂಡೋಸಿನ ಪರವಾನಗಿಯಲ್ಲಿ ಮುಖ್ಯವಾಗಿ ಮೂರು ಬಗೆಗಳುಂಟು. ಒಂದು, ಯಂತ್ರದ ತಯಾರಕರು ಕಾರ್ಖಾನೆಯಲ್ಲಿಯೇ ಹಾಕಿ ಕೊಡುವಂಥದ್ದು. ಇದು ಆ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. ಯಂತ್ರ ಕೈ ಬದಲಿಸಿದರೆ ಅದರೊಂದಿಗೆ ಹೋಗುತ್ತದೆ, ಬೇರೊಂದು ಯಂತ್ರಕ್ಕೆ ಹೋಗುವುದಿಲ್ಲ. ಎರಡು, ಪೆಟ್ಟಿಗೆಯಲ್ಲಿಯೋ ಅಂತರ್ಜಾಲದಲ್ಲಿಯೋ ಬಿಡಿಯಾಗಿ ಕೊಳ್ಳುವಂಥದ್ದು. ಮೂರು, ಕಂಪೆನಿಗಳು ನೂರಾರು ಯಂತ್ರಗಳಿಗೆ ಒಟ್ಟಾಗಿ ಪಡೆಯುವಂಥದ್ದು. ಯಂತ್ರವನ್ನು ಮಾರಿದಾಗ ಈ ಮೂರನೆಯ ಪರವಾನಗಿ ಕಂಪೆನಿಯ ಬಳಿಯೇ ಉಳಿಯುತ್ತದೆ, ಕೊಂಡವನಿಗೆ ದಾಟುವುದಿಲ್ಲ.

ಆದುದರಿಂದ ಬೆಂಗಳೂರಿನ ಕಂಪೆನಿಯೊಂದರಿಂದ ಬಂದ ಲ್ಯಾಪ್‌ಟಾಪಿನಲ್ಲಿ ಎರಡು ಪದರಗಳಿರಬಹುದು. ಕೆಳಗೆ ತಯಾರಕರು ಕೊಟ್ಟ ಅಸಲಿ ಪರವಾನಗಿ, ಮೇಲೆ ಕಂಪೆನಿಯ ಸಾಮೂಹಿಕ ಪರವಾನಗಿ. ಸಾಮೂಹಿಕ ವ್ಯವಸ್ಥೆಯ ಒಂದು ಬಗೆಯಲ್ಲಿ ಯಂತ್ರವು 180 ದಿನಗಳೊಳಗೆ ಕಂಪೆನಿಯ ಸರ್ವರನ್ನು ಸಂಪರ್ಕಿಸಿ ಸಕ್ರಿಯತೆಯನ್ನು ನವೀಕರಿಸಿಕೊಳ್ಳಬೇಕು. ತೆಕ್ಕಟ್ಟೆಯ ಅಂಗಡಿಯಲ್ಲಿ ಕುಳಿತ ಯಂತ್ರಕ್ಕೆ ಆ ಸರ್ವರ್ ಸಿಗುವುದೆಲ್ಲಿ? ಮೊದಲ ಕೆಲವು ತಿಂಗಳು ಎಲ್ಲವೂ ಸರಿಯಾಗಿದ್ದು ಆಮೇಲೆ ಬರಹ ಮೂಡುವುದಕ್ಕೆ ಇದೂ ಒಂದು ಕಾರಣ. ಕ್ರ್ಯಾಕ್ ಎಂದು ಕರೆಯಲಾಗುವ ಹಲವು ಉಪಕರಣಗಳು ಇಂತಹದೇ ಸುಳ್ಳು ಸರ್ವರೊಂದನ್ನು ಯಂತ್ರದೊಳಗೆ ಹುಟ್ಟುಹಾಕಿ ವಿಂಡೋಸನ್ನು ನಂಬಿಸುತ್ತವೆ.

ಮೊದಲು ನೋಡಬೇಕಾದುದು

ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಷನ್ ಎಂಬ ಪುಟವಿದೆ. ಡಿಜಿಟಲ್ ಪರವಾನಗಿಯಿಂದ ಸಕ್ರಿಯವಾಗಿದೆ ಎಂದು ಅಲ್ಲಿದ್ದರೆ ಅದು ಒಳ್ಳೆಯ ಲಕ್ಷಣ. ಆದರೆ ಅಷ್ಟರಿಂದಲೇ ಅಸಲಿ ಎನ್ನಲಾಗದು, ಏಕೆಂದರೆ ಅದನ್ನೂ ವಂಚಿಸಿ ಪಡೆಯುವ ದಾರಿಗಳಿವೆ. ನಿಮ್ಮ ಸಂಸ್ಥೆಯ ಸಕ್ರಿಯಗೊಳಿಸುವ ಸೇವೆಯ ಮೂಲಕ ಎಂಬರ್ಥದ ಇಂಗ್ಲಿಷ್ ವಾಕ್ಯವಿದ್ದರೆ ಎಚ್ಚರವಾಗಬೇಕು. ಒಂಟಿ ಅಂಗಡಿಗೆ ಅಂತಹ ಸಂಸ್ಥೆಯೂ ಇಲ್ಲ, ಸೇವೆಯೂ ಇಲ್ಲ.

ಮುಂದಿನದು ಆವೃತ್ತಿಯ ಹೊಂದಾಣಿಕೆ. ವಿಂಡೋಸ್ 7ರ ಕಾಲದ ಯಂತ್ರಗಳಲ್ಲಿ ಕ್ಯಾಬಿನೆಟ್ಟಿನ ಪಕ್ಕದಲ್ಲಿ, ಲ್ಯಾಪ್‌ಟಾಪಿನ ಅಡಿಯಲ್ಲಿ ಅಥವಾ ಬ್ಯಾಟರಿ ಕೂರುವ ಜಾಗದಲ್ಲಿ ದೃಢೀಕರಣದ ಚೀಟಿ ಅಂಟಿಸಿರುತ್ತಿದ್ದರು. ಚೀಟಿಯಲ್ಲಿ ಹೋಮ್ ಬೇಸಿಕ್ ಎಂದೂ ಪರದೆಯಲ್ಲಿ ಅಲ್ಟಿಮೇಟ್ ಎಂದೂ ಇದ್ದರೆ ಒಳಗಿರುವುದು ಯಂತ್ರದೊಂದಿಗೆ ಬಂದದ್ದಲ್ಲವೆಂಬುದು ಸ್ಪಷ್ಟ. ವಿಂಡೋಸ್ 8ರಿಂದೀಚೆಗೆ ಪ್ರತಿಷ್ಠಿತ ತಯಾರಕರ ಯಂತ್ರಗಳಲ್ಲಿ ಚೀಟಿಯ ಮೇಲೆ ಕೀಲಿಸಂಖ್ಯೆಯನ್ನು ಮುದ್ರಿಸುವ ಬದಲು ಅದನ್ನು ಮದರ್‌ಬೋರ್ಡಿನ ಸ್ಮೃತಿಯಲ್ಲೇ ಬರೆದಿಡಲಾಗುತ್ತದೆ. ಭಾರತದಲ್ಲಿ ಮಾರಾಟವಾದ ಅನೇಕ ಲ್ಯಾಪ್‌ಟಾಪುಗಳಿಗೆ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಎಂಬ ಆವೃತ್ತಿಯ ಕೀಲಿ ಸಿಕ್ಕಿದೆ. ದುರಸ್ತಿಯವನು ತನ್ನ ಬಳಿಯ ಪೆನ್‌ಡ್ರೈವಿನಿಂದ ಎಲ್ಲರಿಗೂ ಪ್ರೋ ಆವೃತ್ತಿಯನ್ನೇ ಹಾಕುತ್ತಾನೆ. ಕೀಲಿಗೂ ಬೀಗಕ್ಕೂ ತಾಳೆಯಾಗುವುದಿಲ್ಲ. ಆಗ ಕ್ರ್ಯಾಕ್ ಬರುತ್ತದೆ.

ಪರಿಹಾರವು ಹೆಚ್ಚಿನವರು ಎಣಿಸುವುದಕ್ಕಿಂತ ಸುಲಭ. ಮೈಕ್ರೋಸಾಫ್ಟ್ ಸಂಸ್ಥೆಯ ಜಾಲತಾಣದಿಂದಲೇ ವಿಂಡೋಸಿನ ಅನುಸ್ಥಾಪನಾ ಕಡತವನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಹಾರ್ಡ್‌ಡಿಸ್ಕನ್ನು ಪೂರ್ಣವಾಗಿ ಅಳಿಸಿ, ಯಂತ್ರದೊಂದಿಗೆ ಬಂದ ಆವೃತ್ತಿಯನ್ನೇ ಹಾಕಿ ಅಂತರ್ಜಾಲಕ್ಕೆ ಜೋಡಿಸಿದರೆ, ಬೋರ್ಡಿನಲ್ಲಿರುವ ಕೀಲಿಯನ್ನು ಓದಿಕೊಂಡು ವಿಂಡೋಸ್ ತಾನಾಗಿಯೇ ಸಕ್ರಿಯವಾಗುತ್ತದೆ. ಖರ್ಚು ಇಳಿಸುವ ಡೇಟಾದ್ದಷ್ಟೆ. ಸಿಂಗಲ್ ಲ್ಯಾಂಗ್ವೇಜ್ ಎಂದರೆ ಕನ್ನಡ ಬೆರಳಚ್ಚು ಆಗದು ಎಂಬ ತಪ್ಪು ಕಲ್ಪನೆ ಕೆಲವರಲ್ಲಿದೆ. ಪರದೆಯ ಆದೇಶಗಳ ಭಾಷೆಯನ್ನು ಬದಲಿಸಲಾಗದು ಎಂಬುದಷ್ಟೇ ಅದರ ಮಿತಿ. ಕನ್ನಡದಲ್ಲಿ ಬರೆಯುವುದಕ್ಕೆ ಅಡ್ಡಿಯಿಲ್ಲ.

ಬಿಡಿಭಾಗಗಳನ್ನು ಜೋಡಿಸಿ ತಯಾರಿಸಿದ ಯಂತ್ರಗಳಲ್ಲಿ ಇಂತಹ ಹುದುಗಿದ ಹಕ್ಕು ಇರುವುದಿಲ್ಲ. ಹಳೆಯ ಮದರ್‌ಬೋರ್ಡ್ ಸುಟ್ಟು ಬೇರೊಂದು ಹಾಕಿದ್ದರೆ ಇದ್ದ ಹಕ್ಕೂ ಸಾಮಾನ್ಯವಾಗಿ ಹೋದಂತೆಯೇ. ಅಂತರ್ಜಾಲದಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಕೀಲಿಸಂಖ್ಯೆಗಳನ್ನು ನಂಬುವುದು ತರವಲ್ಲ. ಅವುಗಳಲ್ಲಿ ಹಲವು ಯಾವುದೋ ಕಂಪೆನಿಯ ಸಾಮೂಹಿಕ ಪರವಾನಗಿಯಿಂದ ಕದ್ದವು. ಸಕ್ರಿಯವಾಯಿತು ಎಂದ ಮಾತ್ರಕ್ಕೆ ಪರವಾನಗಿ ದೊರೆಯಿತು ಎಂದಲ್ಲ.

ಟ್ಯಾಲಿಯ ವಿಚಾರ

ವಿಂಡೋಸ್ ಕೆಟ್ಟರೆ ಒಂದು ದಿನದ ಕೆಲಸ ನಿಂತೀತು. ಲೆಕ್ಕಪತ್ರದ ತಂತ್ರಾಂಶ ಕೆಟ್ಟರೆ ವರ್ಷಗಳ ದಾಖಲೆಯೇ ಹೋದೀತು. ಟ್ಯಾಲಿ ಕನ್ನಡನಾಡಿನದೇ ಉತ್ಪನ್ನ. ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಪುತ್ರ ಭರತ್ ಗೋಯೆಂಕಾ 1986ರಲ್ಲಿ ಕಟ್ಟಿದ, ಬೆಂಗಳೂರಿನಲ್ಲಿ ನೆಲೆಸಿರುವ ಸಂಸ್ಥೆಯದು. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಸಂದಿದೆ. ವಿದೇಶಿ ಕಂಪೆನಿಗೆ ಹಣ ಏಕೆ ಕೊಡಬೇಕು ಎಂದು ವಿಂಡೋಸಿನ ಬಗ್ಗೆ ವಾದಿಸುವವರೂ ಇಲ್ಲಿ ಸ್ವಲ್ಪ ಯೋಚಿಸಬೇಕಾಗುತ್ತದೆ.

ಹಳೆಯ ಯಂತ್ರದಲ್ಲಿ ಟ್ಯಾಲಿ ಮೂರು ರೂಪದಲ್ಲಿ ಕಾಣಸಿಗಬಹುದು. ಶೈಕ್ಷಣಿಕ ವಿಧಾನದಲ್ಲಿದ್ದರೆ ಅದು ಅಸಲಿಯೇ, ಕಲಿಯುವವರಿಗೆ ಉಚಿತ. ಆದರೆ ತಿಂಗಳಿನ ಒಂದು, ಎರಡು ಮತ್ತು ಕೊನೆಯ ದಿನಾಂಕಗಳಲ್ಲಿ ಮಾತ್ರ ನಮೂದು ಮಾಡಲು ಬರುವುದರಿಂದ ವ್ಯಾಪಾರಕ್ಕೆ ಒದಗದು. ಹಿಂದಿನ ಮಾಲೀಕನ ಹೆಸರಿನ ಪರವಾನಗಿಯಿದ್ದರೆ ಅದು ಅವನದು. ಅವನು ಯಾವಾಗ ಬೇಕಾದರೂ ಅದನ್ನು ಹಿಂಪಡೆದು ತನ್ನ ಹೊಸ ಯಂತ್ರಕ್ಕೆ ಹಾಕಿಕೊಂಡಾನು. ಮೂರನೆಯದು ಕ್ರ್ಯಾಕ್ ಮಾಡಿದ ಪ್ರತಿ. ಇದಕ್ಕೆ ಸಂಸ್ಥೆಯ ನೆರವಿಲ್ಲ, ಹೊಸ ಬಿಡುಗಡೆಗಳಿಗೆ ಏರುವ ದಾರಿಯೂ ನೇರವಾಗಿಲ್ಲ. ತೆರಿಗೆಯ ನಮೂನೆ ಬದಲಾದಂತೆಲ್ಲ ಹಳೆಯ ಪ್ರತಿ ಹಿಂದುಳಿಯುತ್ತದೆ. ಜೊತೆಗೆ, ಲೆಕ್ಕಪತ್ರಕ್ಕೆ ತಂತ್ರಾಂಶ ಬಳಸುವ ಕಂಪೆನಿಗಳು 2023ರ ಏಪ್ರಿಲ್ 1ರಿಂದ ತಿದ್ದುಪಡಿಗಳ ಜಾಡನ್ನು ಉಳಿಸುವ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮವಿದೆ. ಅದು ನೋಂದಾಯಿತ ಕಂಪೆನಿಗಳಿಗೆ ಅನ್ವಯಿಸುತ್ತದೆ, ಏಕವ್ಯಕ್ತಿ ಒಡೆತನದ ಅಂಗಡಿಗಳಿಗಲ್ಲ.

ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 36ನೆಯ ಪ್ರಕರಣವು ಎಲ್ಲ ನೋಂದಾಯಿತರಿಗೂ ಅನ್ವಯಿಸುತ್ತದೆ. ವಾರ್ಷಿಕ ವಿವರಪಟ್ಟಿ ಸಲ್ಲಿಸಲು ನಿಗದಿಯಾದ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಬೇಕು. ಆರು ವರ್ಷದ ದಾಖಲೆಯನ್ನು ಯಾರೋ ಅನಾಮಧೇಯನು ಒಡೆದ ತಂತ್ರಾಂಶದ ಕೈಗೊಪ್ಪಿಸಿ ನಿಶ್ಚಿಂತೆಯಿಂದಿರುವುದು ಜಾಣತನವಲ್ಲ. ಕ್ರ್ಯಾಕ್ ಹಾಕುವ ಮುನ್ನ ವೈರಸ್ ನಿರೋಧಕವನ್ನು ನಿಲ್ಲಿಸುವಂತೆ ಸೂಚನೆ ಇರುತ್ತದೆ. ಅನೇಕ ವೇಳೆ ವಿಂಡೋಸಿನ ಪರಿಷ್ಕರಣೆಗಳನ್ನೂ ತಡೆಹಿಡಿಯಲಾಗುತ್ತದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಒತ್ತೆಹಣದ ಕುತಂತ್ರಾಂಶ ಜಗತ್ತಿನಾದ್ಯಂತ ಹರಡಿದಾಗ ಬಲಿಯಾದವು ಪರಿಷ್ಕರಣೆ ಪಡೆಯದ ಯಂತ್ರಗಳು. ಅದನ್ನು ತಡೆಯುವ ಪರಿಷ್ಕರಣೆ ಎರಡು ತಿಂಗಳ ಹಿಂದೆಯೇ, ಅಂದರೆ ಮಾರ್ಚ್‌ನಲ್ಲಿಯೇ ಹೊರಬಂದಿತ್ತು.

ಆದುದರಿಂದ ನಕಲಿಯೆಂದು ತಿಳಿದೊಡನೆ ಯಂತ್ರವನ್ನು ಫಾರ್ಮ್ಯಾಟ್ ಮಾಡಿಸಲು ಓಡಬಾರದು. ಮೊದಲು ಲೆಕ್ಕದ ದತ್ತಾಂಶವನ್ನು ಹೊರಗಿನ ಡಿಸ್ಕಿಗೆ ಪ್ರತಿ ಮಾಡಬೇಕು. ದತ್ತಾಂಶ ಮಾತ್ರ ಸಾಕು, ತಂತ್ರಾಂಶದ ಕಡತಗಳು ಬೇಡ. ಖಾತಾಪುಸ್ತಕ, ದಾಸ್ತಾನು, ಮಾರಾಟದ ವಹಿಗಳನ್ನು ಪಿಡಿಎಫ್ ರೂಪದಲ್ಲಿಯೂ ಉಳಿಸಿಕೊಳ್ಳಬೇಕು. ಅಸಲಿ ಟ್ಯಾಲಿ ಇರುವ ಬೇರೊಂದು ಯಂತ್ರದಲ್ಲಿ, ಅಧಿಕೃತ ಮಾರಾಟಗಾರರ ಸಮ್ಮುಖದಲ್ಲಿ ಆ ದತ್ತಾಂಶ ತೆರೆಯುತ್ತದೆಯೇ, ಶಿಲ್ಕುಗಳು ತಾಳೆಯಾಗುತ್ತವೆಯೇ ಎಂದು ಪರೀಕ್ಷಿಸಿದ ಮೇಲೆಯೇ ಡಿಸ್ಕನ್ನು ಅಳಿಸತಕ್ಕದ್ದು. ಬ್ಯಾಂಕು ಮತ್ತು ತೆರಿಗೆ ಜಾಲತಾಣದ ಗುಪ್ತಪದಗಳನ್ನು ಇನ್ನೊಂದು ಶುದ್ಧ ಯಂತ್ರದಿಂದ ಬದಲಿಸುವುದನ್ನು ಮರೆಯಬಾರದು. ಕೇಂದ್ರ ಸರಕಾರವು 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಮೂಲಕ ಕುತಂತ್ರಾಂಶ ತೆಗೆಯುವ ಉಚಿತ ಉಪಕರಣಗಳೂ ದೊರೆಯುತ್ತವೆ.

ಕಾನೂನಿನ ನಿಲುವು

ತಂತ್ರಾಂಶವು ಕೃತಿಸ್ವಾಮ್ಯ ಅಧಿನಿಯಮ, 1957ರ ವ್ಯಾಪ್ತಿಗೆ ಸಾಹಿತ್ಯ ಕೃತಿಯಾಗಿ ಸೇರಿದೆ. 1994ರ ತಿದ್ದುಪಡಿಯಿಂದ ಬಂದ 63ಬಿ ಪ್ರಕರಣವು ಬಳಕೆದಾರನಿಗೇ ಸಂಬಂಧಿಸಿದ್ದು. ನಕಲಿ ಪ್ರತಿಯನ್ನು ತಿಳಿದೂ ಗಣಕದಲ್ಲಿ ಬಳಸಿದವನಿಗೆ 7 ದಿನಗಳಿಗೆ ಕಡಿಮೆಯಿಲ್ಲದ, 3 ವರ್ಷದವರೆಗಿನ ಸೆರೆವಾಸ ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿವರೆಗಿನ ದಂಡವನ್ನು ಅದು ವಿಧಿಸುತ್ತದೆ. ಲಾಭಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸದಿದ್ದ ಪಕ್ಷದಲ್ಲಿ ಸೆರೆವಾಸವಿಲ್ಲದೆ 50 ಸಾವಿರದವರೆಗಿನ ದಂಡದಲ್ಲಿ ಮುಗಿಸಲು ನ್ಯಾಯಾಲಯಕ್ಕೆ ಅವಕಾಶವಿದೆ. ಮನೆಯವರಿಗೆ ದೊರೆಯಬಹುದಾದ ಈ ವಿನಾಯಿತಿ ಅಂಗಡಿಯವರಿಗೆ ಇಲ್ಲ.

ಇಲ್ಲಿ ‘ತಿಳಿದೂ’ ಎಂಬ ಪದವೇ ಮುಖ್ಯ. ಕೊಂಡಾಗ ಅರಿವಿರಲಿಲ್ಲ ಎನ್ನುವ ವರ್ತಕನು ಪರದೆಯಲ್ಲಿ ಎಚ್ಚರಿಕೆ ಮೂಡಿದ ಮೇಲೆ, ಅದರಲ್ಲೂ ಕ್ರ್ಯಾಕ್ ಹಾಕಿಸಿದ ಮೇಲೆ, ಹಾಗೆ ಹೇಳುವುದು ಕಷ್ಟ. ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿಯು ವಾರಂಟ್ ಇಲ್ಲದೆಯೇ ನಕಲಿ ಪ್ರತಿಗಳನ್ನು ವಶಪಡಿಸಿಕೊಳ್ಳಬಹುದೆಂದು 64ನೆಯ ಪ್ರಕರಣ ಹೇಳುತ್ತದೆ. ನಕಲು ಮಾಡಿ ಹಂಚುವವರಿಗೆ ಕರ್ನಾಟಕದಲ್ಲಿ ಇನ್ನೂ ಕಠಿಣ ವ್ಯವಸ್ಥೆಯಿದೆ. ಗೂಂಡಾ ಕಾಯಿದೆ ಎಂದೇ ಪರಿಚಿತವಾದ 1985ರ ಕಾಯಿದೆಗೆ 2014ರಲ್ಲಿ ತಿದ್ದುಪಡಿ ತಂದು, ವಾಣಿಜ್ಯ ಉದ್ದೇಶಕ್ಕೆ ಕೃತಿಸ್ವಾಮ್ಯ ಉಲ್ಲಂಘಿಸುವವರನ್ನು ಡಿಜಿಟಲ್ ಅಪರಾಧಿಗಳೆಂದು ಸೇರಿಸಲಾಯಿತು. ಪುಸ್ತಕ, ಸಂಗೀತ, ಚಲನಚಿತ್ರಗಳ ಜೊತೆಗೆ ತಂತ್ರಾಂಶವೂ ಅದರಲ್ಲಿದೆ. ಮುಂಜಾಗ್ರತಾ ಬಂಧನದ ಕಾಯಿದೆಯನ್ನು ಇಷ್ಟು ದೂರ ಚಾಚಬೇಕಿತ್ತೇ ಎಂಬುದು ಚರ್ಚಾಸ್ಪದವೇ ಸರಿ. ಆದರೆ ಪೆನ್‌ಡ್ರೈವಿನಲ್ಲಿ ಎಲ್ಲ ತಂತ್ರಾಂಶಗಳನ್ನೂ ಹೊತ್ತು ತಿರುಗುವ ದುರಸ್ತಿಗಾರರಿಗೆ ಇದು ಗೊತ್ತಿರುವುದು ಒಳ್ಳೆಯದು.

ಕಾನೂನು ಕೊಳ್ಳುವವನ ಪರವಾಗಿಯೂ ಇದೆ. ಮಾರುವವನಿಗೆ ಮಾರುವ ಹಕ್ಕಿದೆ ಎಂಬ ಸೂಚಿತ ಷರತ್ತು 1930ರ ಸರಕು ಮಾರಾಟ ಅಧಿನಿಯಮದ 14ನೆಯ ಪ್ರಕರಣದಲ್ಲಿದೆ. ವ್ಯಾಪಾರಕ್ಕಾಗಿ ಕೊಂಡವನು ಸಾಮಾನ್ಯವಾಗಿ ಗ್ರಾಹಕನೆನಿಸುವುದಿಲ್ಲವಾದರೂ, ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ಕೊಂಡವನಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ರಕ್ಷಣೆ ನೀಡುತ್ತದೆ. ಎರಡು ವರ್ಷದೊಳಗೆ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಆದರೆ ಇವೆಲ್ಲಕ್ಕೂ ಬಿಲ್ಲು ಬೇಕು. ಹಳೆಯ ಸರಕಿಗೆ ಬಿಲ್ಲು ಬರುವುದಿಲ್ಲ ಎಂಬ ಮಾತು ಒಪ್ಪತಕ್ಕದ್ದಲ್ಲ. ಹಳೆಯ ಸರಕಿನ ವ್ಯಾಪಾರಿಗಳು ಲಾಭಾಂಶದ ಮೇಲಷ್ಟೇ ತೆರಿಗೆ ಕಟ್ಟುವ ಸೌಲಭ್ಯವನ್ನು ತೆರಿಗೆ ನಿಯಮಗಳೇ ಕಲ್ಪಿಸಿವೆ. ಬಿಲ್ಲಿನಲ್ಲಿ ಯಂತ್ರದ ಕ್ರಮಸಂಖ್ಯೆ, ವಿಂಡೋಸಿನ ಆವೃತ್ತಿ, ಅದರ ಪರವಾನಗಿ ಯಂತ್ರದೊಂದಿಗೆ ಬಂದದ್ದೆಂಬ ಒಕ್ಕಣೆ ಇರಬೇಕು. ಅದನ್ನು ಬರೆಯಲು ಹಿಂಜರಿಯುವ ಮಾರಾಟಗಾರನ ಹಿಂಜರಿಕೆಯೇ ಉತ್ತರ.

ಉಚಿತವಾದವು

ಎಲ್ಲಕ್ಕೂ ಹಣ ತೆರಬೇಕೆಂದಿಲ್ಲ. ಪತ್ರ, ಪಟ್ಟಿಗಳಿಗೆ ಲಿಬ್ರೆ ಆಫೀಸ್ ಸಾಲುತ್ತದೆ. ಸ್ಟುಡಿಯೋ ಮತ್ತು ಫ್ಲೆಕ್ಸ್ ಕೆಲಸದವರಿಗೆ ಗಿಂಪ್, ಇಂಕ್‌ಸ್ಕೇಪ್‌ಗಳಿವೆ. ಫೋಟೋಶಾಪಿಗೆ ಒಗ್ಗಿದ ಕೈಗೆ ಅವು ಮೊದಮೊದಲು ಒಗ್ಗವು ಎಂಬುದನ್ನೂ ಹೇಳಬೇಕು. ಕನ್ನಡಕ್ಕೆ ಗಣಕ ಪರಿಷತ್ತಿನ ನುಡಿ ಉಚಿತ. ಅದರ ಕೀಲಿಮಣೆ ವಿನ್ಯಾಸವು ಉಡುಪಿ ಜಿಲ್ಲೆಗೆ ಚಿರಪರಿಚಿತರಾದ ಕೆ.ಪಿ. ರಾವ್ ಅವರದು. ಪರವಾನಗಿಯಿಲ್ಲದ ಜೋಡಣೆಯ ಯಂತ್ರವಾಗಿದ್ದು, ಬ್ರೌಸರಿನಲ್ಲೇ ಕೆಲಸ ಮುಗಿಯುವುದಾದರೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಸಬಹುದು. ಟ್ಯಾಲಿ ವಿಂಡೋಸಿಗಾಗಿ ರೂಪಿತವಾದುದರಿಂದ ಅದನ್ನು ಅವಲಂಬಿಸಿದವರಿಗೆ ಈ ಮಾರ್ಗ ಸುಗಮವಲ್ಲ.

ಕೊಳ್ಳುವ ಮೊದಲು ಯಂತ್ರದ ವಯಸ್ಸನ್ನೂ ನೋಡಬೇಕು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಂತಿದೆ. ವಿಂಡೋಸ್ 7ರ ಚೀಟಿಯಲ್ಲಿರುವ ಕೀಲಿಯಿಂದ 10 ಅಥವಾ 11ನ್ನು ಸಕ್ರಿಯಗೊಳಿಸುವ ಅವಕಾಶವನ್ನು ಮೈಕ್ರೋಸಾಫ್ಟ್ 2023ರಲ್ಲಿ ಮುಚ್ಚಿತು. ವಿಂಡೋಸ್ 11ಕ್ಕೆ ಇಂಟೆಲ್ ಯಂತ್ರವಾದರೆ ಸಾಮಾನ್ಯವಾಗಿ ಎಂಟನೆಯ ಅಥವಾ ಅನಂತರದ ಪೀಳಿಗೆಯ ಸಂಸ್ಕಾರಕ ಮತ್ತು ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು. ಅದಕ್ಕಿಂತ ಹಳೆಯ ಯಂತ್ರದಲ್ಲಿ 11 ಓಡುತ್ತಿದೆ ಎಂದರೆ ತಪಾಸಣೆಯನ್ನು ತಪ್ಪಿಸಿ ಹಾಕಿದ್ದಾರೆಂದು ತಿಳಿಯಬಹುದು. ದರವನ್ನು ಮಾತಾಡುವ ಮುನ್ನ ಆ ಬಗ್ಗೆ ಮಾರಾಟಗಾರನನ್ನು ಕೇಳತಕ್ಕದ್ದು.