ವಿಚೆಂಜಾಕ್ಕೆ ಮೊದಲ ಸಲ: ಗಾರೆಯ ಕಂಬ, ಚಿನ್ನದ ಸರ

ವೆನಿಸ್ ನೋಡಿ ವೆರೋನಾದತ್ತ ರೈಲು ಹತ್ತುವವರಲ್ಲಿ ಬಹಳಷ್ಟು ಮಂದಿ ನಡುವೆ ಬರುವ ವಿಚೆಂಜಾದಲ್ಲಿ ಇಳಿಯುವುದೇ ಇಲ್ಲ. ಆಂದ್ರೆಯಾ ಪಲ್ಲಾಡಿಯೊ ಎಂಬ ಕಲ್ಲುಕುಟಿಗ ವಾಸ್ತುಶಿಲ್ಪಿಯಾಗಿ ಬೆಳೆದ ಊರು ಅದು. ಅಲ್ಲಿನ ಅಕ್ಕಸಾಲಿಗರ ಸಂಘಕ್ಕೆ 1339ರಷ್ಟು ಹಿಂದೆಯೇ ಲಿಖಿತ ಕಟ್ಟಳೆ ಇತ್ತು. ಕಟ್ಟಡ ಕಟ್ಟುವವನಿಗೂ ಒಡವೆ ಮಾಡುವವನಿಗೂ ಅಳತೆಯೇ ಜೀವ. ಆ ಅಳತೆಯನ್ನು ಕಣ್ಣಿನಿಂದ ಹಿಡಿಯುವುದು ಹೇಗೆ ಎಂದು ಹೇಳಲು ಈ ಬರಹ.

ಹಂತ 1: ದಿನ ಗೊತ್ತುಮಾಡಿ

ಸೋಮವಾರ ಬೇಡ. ಮುಖ್ಯ ವಸ್ತುಸಂಗ್ರಹಾಲಯಗಳಿಗೂ ಒಲಿಂಪಿಕೊ ರಂಗಮಂದಿರಕ್ಕೂ ಅಂದು ರಜೆ. ಜನವರಿ ಮತ್ತು ಸೆಪ್ಟೆಂಬರ್‌ನಲ್ಲಿ ‘ವಿಚೆಂಜಾ ಓರೊ’ ಎಂಬ ದೊಡ್ಡ ಆಭರಣ ಮೇಳ ನಡೆಯುತ್ತದೆ. 1954ರಲ್ಲಿ ಶುರುವಾದ ಈ ಮೇಳ ವ್ಯಾಪಾರಿಗಳಿಗೆ ಮಾತ್ರ. ನಮಗೆ ಒಳಗೆ ಪ್ರವೇಶವಿಲ್ಲ, ಹೋಟೆಲ್ ಬಾಡಿಗೆ ಮಾತ್ರ ಏರಿರುತ್ತದೆ. ಏಪ್ರಿಲ್, ಮೇ ಅಥವಾ ಅಕ್ಟೋಬರ್ ಒಳ್ಳೆಯದು. ಇಟಲಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕೊನೆಯ ವಾರದವರೆಗೆ ಕಾಯಬೇಡಿ.

ಹಂತ 2: ರೈಲಿನಲ್ಲಿ ಬನ್ನಿ

ವೆನಿಸ್‌ನಿಂದ ಸುಮಾರು ಒಂದು ಗಂಟೆ, ವೆರೋನಾದಿಂದ ಅದಕ್ಕೂ ಕಡಿಮೆ. ಪ್ರಾದೇಶಿಕ ರೈಲಿಗೆ ಕಾಗದದ ಟಿಕೆಟ್ ಕೊಂಡರೆ ಹತ್ತುವ ಮುನ್ನ ಪ್ಲಾಟ್‌ಫಾರಂನ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳಿ. ಮರೆತರೆ ದಂಡ ಬೀಳುತ್ತದೆ.

ಹಂತ 3: ನಡೆಯಿರಿ, ಅರ್ಧ ಮನೆಯ ಮುಂದೆ ನಿಲ್ಲಿ

ನಿಲ್ದಾಣದಿಂದ ನೇರ ರಸ್ತೆಯಲ್ಲಿ ಹತ್ತು ನಿಮಿಷ ನಡೆದರೆ ಹಳೆಯ ಊರಿನ ಬಾಗಿಲು. ಅದರೊಳಗಿನ ಕಾಸ್ತೆಲ್ಲೊ ಚೌಕದಲ್ಲಿ ಒಂದು ವಿಚಿತ್ರ ಕಟ್ಟಡವಿದೆ: ಭಾರಿ ಕಂಬಗಳು, ಆದರೆ ಅಗಲ ಎರಡು ಅಂಕಣದಷ್ಟೇ. ಪಲ್ಲಾಡಿಯೊ ಯೋಜಿಸಿದ ಅರಮನೆಯೊಂದು ಅಷ್ಟಕ್ಕೇ ನಿಂತುಹೋಗಿದೆ. ಕಟ್ಟಿದ್ದರಿಂದ ಕಟ್ಟದೆ ಉಳಿದದ್ದನ್ನು ಊಹಿಸಿ ನೋಡಿ. ಮುಂದಿನ ಎಲ್ಲಕ್ಕೂ ಕಣ್ಣು ಸಜ್ಜಾಗುವುದು ಇಲ್ಲೇ.

ಹಂತ 4: ಬೆಸಿಲಿಕಾದ ಕಮಾನುಗಳನ್ನು ಎಣಿಸಬೇಡಿ, ಹೋಲಿಸಿ

ಸಿಞೋರಿ ಚೌಕದ ಬೆಸಿಲಿಕಾ ಚರ್ಚ್ ಅಲ್ಲ, ಊರಿನ ಹಳೆಯ ಸಭಾಭವನ. ಅದರ ಸುತ್ತಲ ಮೊಗಸಾಲೆಯ ಒಂದು ಭಾಗ 1496ರಲ್ಲಿ ಕುಸಿಯಿತು. ದೊಡ್ಡ ದೊಡ್ಡ ಶಿಲ್ಪಿಗಳನ್ನು ಕೇಳಿಯೂ ದಶಕಗಳ ಕಾಲ ದಾರಿ ಹೊಳೆಯಲಿಲ್ಲ. 1549ರಲ್ಲಿ ಒಪ್ಪಿಗೆ ಸಿಕ್ಕಿದ್ದು ನಲವತ್ತರ ಆಸುಪಾಸಿನ, ಹೊರಗೆ ಅಷ್ಟೇನೂ ಹೆಸರಿಲ್ಲದ ಪಲ್ಲಾಡಿಯೊನ ನಕ್ಷೆಗೆ.

ತೊಡಕು ಇದ್ದದ್ದು ಒಳಗಿನ ಕಟ್ಟಡದಲ್ಲಿ. ಅದರ ಅಂಕಣಗಳ ಅಗಲ ಒಂದರಂತೆ ಒಂದಿಲ್ಲ. ಹೊರಗೆ ಕಮಾನು ಕಟ್ಟಿದರೆ ಒಂದು ದಪ್ಪ, ಒಂದು ಸಣ್ಣ ಆಗುತ್ತಿತ್ತು. ಪಲ್ಲಾಡಿಯೊ ಕಮಾನುಗಳ ಅಗಲವನ್ನು ಒಂದೇ ಇಟ್ಟು, ಪ್ರತಿ ಕಮಾನಿನ ಎರಡು ಪಕ್ಕದಲ್ಲಿ ಕಿರುಗಂಬಗಳ ಆಚೆ ಸಣ್ಣ ಸಂದು ಬಿಟ್ಟ. ಹೆಚ್ಚುಕಮ್ಮಿಯನ್ನೆಲ್ಲ ಆ ಸಂದುಗಳು ನುಂಗಿಕೊಂಡವು. ಚೌಕದ ನಡುವೆ ನಿಂತರೆ ಎಲ್ಲವೂ ಸಮ. ಮೂಲೆಯ ಕಮಾನಿನ ಹತ್ತಿರ ಹೋಗಿ ನೋಡಿ, ಅಲ್ಲಿ ಪಕ್ಕದ ಸಂದು ಎಷ್ಟೋ ಇಕ್ಕಟ್ಟು. ಈ ವ್ಯತ್ಯಾಸ ನಿಮ್ಮ ಕಣ್ಣಿಗೇ ಬೀಳುವ ಕ್ಷಣಕ್ಕಾಗಿ ಇಷ್ಟು ದೂರ ಬಂದದ್ದು ಸಾರ್ಥಕ. ಈ ಕೆಲಸ ಮುಗಿದದ್ದು 1614ರಲ್ಲಿ, ಅವನು ತೀರಿಕೊಂಡು 34 ವರ್ಷಗಳ ಮೇಲೆ.

ಹಂತ 5: ತಿರುಗಿ ನಿಂತು ಎದುರಿನ ಕಂಬ ನೋಡಿ

ಚೌಕದ ಇನ್ನೊಂದು ಬದಿಯಲ್ಲಿ, ಆಗ ಊರನ್ನು ಆಳುತ್ತಿದ್ದ ವೆನಿಸ್‌ನ ಅಧಿಕಾರಿಗಾಗಿ ಪಲ್ಲಾಡಿಯೊನೇ ಕಟ್ಟಿದ ಲೋಜಾ, ಅಂದರೆ ತೆರೆದ ಮೊಗಸಾಲೆಯ ಕಟ್ಟಡ, ಇದೆ. ಬೆಸಿಲಿಕಾದ ಬಿಳಿ ಕಲ್ಲು ಇಲ್ಲಿಲ್ಲ. ದೈತ್ಯ ಕಂಬಗಳಲ್ಲಿ ಕಾಣುವುದು ಬರೀ ಇಟ್ಟಿಗೆ. ಪಲ್ಲಾಡಿಯೊನ ಬಹುಪಾಲು ಮನೆಗಳು ಹೀಗೇ: ಇಟ್ಟಿಗೆ, ಮೇಲೆ ಗಾರೆ, ಕಲ್ಲು ಬೇಕಾದಲ್ಲಿ ಮಾತ್ರ. ಅಗ್ಗದ ಸಾಮಗ್ರಿಯಿಂದ ಈ ಗಾಂಭೀರ್ಯ ಹುಟ್ಟಿದ್ದಕ್ಕೆ ನನಗೆ ಅವನ ಮೇಲೆ ಅಪಾರ ಗೌರವ.

ಹಂತ 6: ಒಲಿಂಪಿಕೊ ರಂಗಮಂದಿರದಲ್ಲಿ ಅರ್ಧ ಗಂಟೆ ಕೂರಿ

ಕಾಸ್ತೆಲ್ಲೊ ಚೌಕದಿಂದ ಹೊರಡುವ, ಪಲ್ಲಾಡಿಯೊ ಹೆಸರಿನ ಮುಖ್ಯ ಬೀದಿಯ ಇನ್ನೊಂದು ತುದಿಯಲ್ಲಿ ಈ ರಂಗಮಂದಿರವಿದೆ. 1580ರಲ್ಲಿ ಪಲ್ಲಾಡಿಯೊನ ನಕ್ಷೆಯಂತೆ ಕೆಲಸ ಶುರುವಾಯಿತು, ಅದೇ ವರ್ಷ ಅವನು ತೀರಿಕೊಂಡ. 1585ರ ಮಾರ್ಚ್ 3ರಂದು ಸೊಫೊಕ್ಲಿಸ್‌ನ ‘ಈಡಿಪಸ್’ ನಾಟಕದೊಂದಿಗೆ ತೆರೆಯಿತು. ವೇದಿಕೆಯ ಬಾಗಿಲುಗಳ ಹಿಂದೆ, ಆ ನಾಟಕ ನಡೆಯುವ ಥೀಬ್ಸ್ ನಗರದ ಏಳು ಬೀದಿಗಳು. ವಾಸ್ತುಶಿಲ್ಪಿ ವಿಂಚೆಂತ್ಸೊ ಸ್ಕಮೋತ್ಸಿ ಮರ ಮತ್ತು ಗಾರೆಯಲ್ಲಿ ಮಾಡಿದ ಆ ಬೀದಿಗಳು ಇಂದಿಗೂ ಹಾಗೇ ಇವೆ. ನಮ್ಮ ಕಂಪನಿ ನಾಟಕಗಳಲ್ಲಿ ಬೀದಿಯನ್ನು ಪರದೆಯ ಮೇಲೆ ಬರೆಯುತ್ತಿದ್ದರು, ಇಲ್ಲಿ ಅದನ್ನು ಕಟ್ಟಿಯೇ ಬಿಟ್ಟಿದ್ದಾರೆ. ಹಿಂದೆ ಹೋದಂತೆ ನೆಲ ಏರುತ್ತದೆ, ಮನೆಗಳು ಕುಗ್ಗುತ್ತವೆ. ಆಸನದ ಒಂದು ತುದಿಯಿಂದ ಇನ್ನೊಂದು ತುದಿಗೆ ಜರುಗಿದರೆ ಬೇರೆ ಬೇರೆ ಬೀದಿ ತೆರೆದುಕೊಳ್ಳುತ್ತದೆ.

ಹಂತ 7: ಊಟ

ಮಧ್ಯಾಹ್ನ ಹಲವು ಅಂಗಡಿಗಳು ಮುಚ್ಚುತ್ತವೆ, ಆಗ ಊಟ ಮುಗಿಸಿ. ಇಲ್ಲಿನ ಹೆಸರುವಾಸಿ ಖಾದ್ಯ ‘ಬಕ್ಕಲಾ’: ಒಣಮೀನನ್ನು ಹಾಲು, ಈರುಳ್ಳಿಯಲ್ಲಿ ಗಂಟೆಗಟ್ಟಲೆ ಬೇಯಿಸಿ ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ ಜತೆ ಕೊಡುತ್ತಾರೆ. ಸಸ್ಯಾಹಾರಿಗಳು ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶ್ಶೆ’ ಎಂದರೆ ಸಾಕು, ಮಾಂಸ ಮೀನು ಎರಡೂ ಬೇಡ ಎಂದರ್ಥ.

ಹಂತ 8: ಒಡವೆ ಅಂಗಡಿಗೆ ತಿಳಿದು ಹೋಗಿ

ನಮ್ಮ ಕಣ್ಣು ಪಳಗಿರುವುದು 22 ಕ್ಯಾರೆಟ್‌ಗೆ, ಅಂದರೆ 916ಕ್ಕೆ. ಇಟಲಿಯಲ್ಲಿ ರೂಢಿ 18 ಕ್ಯಾರೆಟ್, ಮುದ್ರೆ 750. ಬಣ್ಣ ಸ್ವಲ್ಪ ಪೇಲವ ಅನ್ನಿಸಿದರೆ ಕಲಬೆರಕೆ ಎಂದುಕೊಳ್ಳಬೇಡಿ. ಚಿನ್ನ ನೂರಕ್ಕೆ 75 ಪಾಲು ಮಾತ್ರ ಇರುವುದರಿಂದ ಲೋಹ ಗಟ್ಟಿ, ಸಣ್ಣ ಕೊಂಡಿಗಳ ಸರ ಬೇಗ ಸವೆಯದು. ವಿಚೆಂಜಾದ ಕೈಚಳಕ ಕಾಣುವುದು ಸರಗಳಲ್ಲೇ. ಸರವನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, ಒಳಗೆ ಟೊಳ್ಳೋ ಗಟ್ಟಿಯೋ ಎಂದು ಬಾಯಿಬಿಟ್ಟು ಕೇಳಿ. ಟೊಳ್ಳು ಸರ ಹಗುರ, ಚೆಂದ, ಆದರೆ ನಜ್ಜಾದರೆ ಸರಿಮಾಡುವುದು ಕಷ್ಟ. ಕೊಕ್ಕೆಯ ಬಳಿ 750ರ ಜತೆ ನಕ್ಷತ್ರ, ಒಂದು ಸಂಖ್ಯೆ, ‘ವಿ ಐ’ ಎಂಬ ಎರಡು ರೋಮನ್ ಅಕ್ಷರ ಇದ್ದರೆ ತಯಾರಕರು ವಿಚೆಂಜಾ ಪ್ರಾಂತ್ಯದವರು. ಒಂದೇ ಬಿಲ್ಲಿನಲ್ಲಿ 70 ಯೂರೋ ದಾಟಿದರೆ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ತೆರಿಗೆ ವಾಪಸಾತಿ ಉಂಟು, ಅಂಗಡಿಯಲ್ಲೇ ಫಾರಂ ಕೇಳಿ ಪಡೆಯಿರಿ. ಬಿಲ್ಲನ್ನು ಜೋಪಾನ ಮಾಡಿ, ಊರಿಗೆ ಮರಳುವಾಗ ಕಸ್ಟಮ್ಸ್‌ನವರಿಗೆ ಬೇಕಾಗುತ್ತದೆ.

ಕೊಳ್ಳದಿದ್ದರೂ ಒಂದು ಬೆಳ್ಳಿಯ ಕೆಲಸವನ್ನು ನೋಡದೆ ಬರಬೇಡಿ. 16ನೇ ಶತಮಾನದಲ್ಲಿ ಊರಿನವರು ಹರಕೆಯಾಗಿ ಇಡೀ ವಿಚೆಂಜಾದ ಪುಟ್ಟ ಬೆಳ್ಳಿ ಮಾದರಿ ಮಾಡಿಸಿ ಬೆರಿಕೊ ಬೆಟ್ಟದ ಮೇರಿ ಮಾತೆಗೆ ಒಪ್ಪಿಸಿದರು. ವಿನ್ಯಾಸ ಪಲ್ಲಾಡಿಯೊನದೇ ಎನ್ನುತ್ತಾರೆ. ನೆಪೋಲಿಯನ್ನನ ಸೈನ್ಯ ಅದನ್ನು ಲೂಟಿ ಮಾಡಿತು. ಹಳೆಯ ಚಿತ್ರಗಳಲ್ಲಿ ಸಂತ ವಿನ್ಸೆಂಟನ ಕೈಯಲ್ಲಿ ಉಳಿದಿದ್ದ ಅದರ ರೂಪವನ್ನು ನೋಡಿ ಹೊಸದಾಗಿ ಮಾಡಿದ ಪ್ರತಿ ಕತೀಡ್ರಲ್ ಪಕ್ಕದ ಧರ್ಮಪ್ರಾಂತ್ಯ ವಸ್ತುಸಂಗ್ರಹಾಲಯದಲ್ಲಿದೆ.

ಹಂತ 9: ಸಂಜೆಗೆ ಬೆಟ್ಟ

ಮಾರನೆಯ ದಿನ ಉಳಿಯುವುದಾದರೆ ಊರ ಹೊರಗಿನ ಲಾ ರೊತೊಂದಾ ಬಂಗಲೆಗೆ ಹೋಗಿ. ನಾಲ್ಕು ದಿಕ್ಕಿಗೂ ಒಂದೇ ರೂಪದ ಮೊಗಸಾಲೆ, ನಡುವೆ ಗುಮ್ಮಟ. ಖಾಸಗಿ ಆಸ್ತಿಯಾದ್ದರಿಂದ ಒಳಗೆ ಬಿಡುವ ದಿನಗಳನ್ನು ಮೊದಲೇ ವಿಚಾರಿಸಿ.

ಒಂದೇ ದಿನವಿದ್ದರೆ ಬೆರಿಕೊ ಬೆಟ್ಟ ಸಾಕು. 150 ಕಮಾನುಗಳ ಚಾವಣಿಯ ಹಾದಿ ನೆರಳಲ್ಲೇ ಮೇಲೆ ಕರೆದೊಯ್ಯುತ್ತದೆ. ಹರಕೆಯ ಬೆಳ್ಳಿ ನಗರ ಬಂದದ್ದು ಇಲ್ಲಿಗೇ. ಚರ್ಚಿನ ಮುಂದಿನ ಬಯಲಿನ ಅಂಚಿಗೆ ಬಂದು ಕೆಳಗೆ ನೋಡಿ: ಮಗುಚಿದ ದೋಣಿಯಂತಹ ಬೆಸಿಲಿಕಾದ ಹಸಿರು ತಾಮ್ರದ ಸೂರು, ಪಕ್ಕದಲ್ಲಿ 82 ಮೀಟರ್ ಗೋಪುರ, ಸುತ್ತ ಕೆಂಪು ಹೆಂಚು. ಮಧ್ಯಾಹ್ನ ಗಾಜಿನ ಹಿಂದೆ ನೋಡಿದ್ದ ಊರು ಈಗ ತನ್ನ ನಿಜವಾದ ಅಳತೆಯಲ್ಲಿ ಕಾಣುತ್ತದೆ.